ಎರಡು ಬಾವುಟದ ಮಾತು

ದಾರೂಖಾನಾದ ಕೆಸರಿನಲ್ಲಿ ಮೂತಿಯೂರಿ ನಿಂತಿದ್ದ
ಗ್ರೀಕರ ಹಡಗಿಗೆ ಆ ಹೊತ್ತಿಗೆ ಹಿಂಭಾಗ ಇರಲಿಲ್ಲ.
ಹೆಸರಿನ ಕೊನೆಯ ಮೂರು ಅಕ್ಷರ
ಲಾರಿ ಹತ್ತಿ ರೇ ರೋಡ್ ದಾಟಿ ಹೋಗಿದ್ದವು.

ಅವ್ವ ತಂದದ್ದು ಒಂದು ಮರದ ಗೂಡು, ಖಾನೆ ಖಾನೆ,
ಪಾರಿವಾಳ ಸಾಕುವವರ ಮನೆಯದರ ಹಾಗೆ,
ಅದರ ಹೊಟ್ಟೆಯಲ್ಲಿ ಉಣ್ಣೆಯ ಬಾವುಟಗಳು.
ತೂಕದ ಲೆಕ್ಕ, ಕಿಲೋಗೆ ಒಂಬತ್ತು ರೂಪಾಯಿ.
ಖಾನೆಗಳ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಬರೆದ ಅಕ್ಷರ.
ಒಂದನ್ನು ಮಾತ್ರ ನಾನು ಬಲ್ಲೆ: ಎಂಟನೇ ಇಯತ್ತೆಯ ಪೈ,
ಎಷ್ಟು ಭಾಗಿಸಿದರೂ ಮುಗಿಯದೆ ಉಳಿಯುವುದು.
ಅದರೊಳಗೆ ನೀಲಿ ಬಟ್ಟೆ, ನಡುವೆ ಬಿಳಿ ಚೌಕ.

ಅವ್ವ ಅಕ್ಷರದ ತಂಟೆಗೆ ಹೋಗಲಿಲ್ಲ. ಉಪ್ಪು ತೊಳೆದಳು.
ಮೂರು ನೀರು. ಕೆಂಪು ನೀರು, ಆಮೇಲೆ ನೀಲಿ ನೀರು.
ಇಂಡಿಯ ಅವಳಜ್ಜಿ ಕಲಿಸಿದ ಹಾಗೆ
ಅಂಚಿನಿಂದ ಸುತ್ತಿ ಸುತ್ತಿ ಒಳಗೆ ಬರುವ ಹೊಲಿಗೆ,
ಕೌದಿ.

ದೂಮ ತಿಂಗಳಾಯರು ಬಂದದ್ದು ಪ್ಯಾಂಟಿಗೆ ಝಿಪ್ಪು ಹಾಕಿಸಲು.
ಇಪ್ಪತ್ತಾರು ವರ್ಷ ಗ್ರೀಕ್ ಕಂಪನಿಯಲ್ಲಿ ಹಗ್ಗ ಎಳೆದವರು
ಪ್ಯಾಂಟು ಮರೆತು ಕೌದಿ ಓದತೊಡಗಿದರು
ಬೆರಳಿಟ್ಟು, ಪಂಚಾಂಗದ ಹಾಗೆ:
"ಹೊರಡುತ್ತೇವೆ, ಎಲ್ಲರೂ ಹತ್ತಿ.
ಇಲ್ಲ. ಹೌದು. ನೀರಿಗೆ ಬಿದ್ದಿದ್ದಾನೆ ಒಬ್ಬ.
ನೀವು ಹೋಗುತ್ತಿರುವ ಕಡೆ ಅಪಾಯ.
ಹಳದಿ, ಇದು... ನಮ್ಮಲ್ಲಿ ರೋಗವಿಲ್ಲ, ಒಳಗೆ ಬಿಡಿ."

ಹಳದಿಯ ಕೆಳಗೇ ಮೈತುಂಬ ದಡಾರ ಎದ್ದ ತಮ್ಮ.

"ಮುದಿ ಕಪ್ತಾನರ ಕಾಲಕ್ಕೆ ಹಳದಿ ಅಂದ್ರೆ ರೋಗವೇ,
ಹತ್ತಿರ ಬರಬೇಡಿ ಅಂತ. ಆಮೇಲೆ ಅರ್ಥ ತಿರುಗಿತು.
ಬಟ್ಟೆ ಅದೇ ಮಾರಾಯ್ತಿ."

ಅವ್ವ ದಾರದ ತುದಿ ನೆಕ್ಕಿ, ಸೂಜಿ ಬೆಳಕಿಗೆ ಹಿಡಿದು ಕೇಳಿದಳು:
"ಹಸಿವಾಗೇತಿ ಅನ್ನಾಕ ಯಾ ಬಣ್ಣರೀ?"
ಅವರು ಬಹಳ ಹೊತ್ತು ಗೋಡೆ ನೋಡಿದರು.
"ಉಂಟು. ಆದ್ರೆ ಎರಡು ಬಾವುಟ ಬೇಕು, ಮೇಲೊಂದು ಕೆಳಗೊಂದು.
ಒಂದರಲ್ಲಿ ಹೇಳಲಿಕ್ಕೆ ಆಗುವುದಿಲ್ಲ."
"ಒಂದರಾಗ ಆಗಂಗಿಲ್ಲೇನು," ಅಂದಳು ಅವ್ವ.
ಝಿಪ್ಪಿಗೆ ಎಂಟಾಣೆ ಹೆಚ್ಚು ತಗೊಂಡಳು.

ತಮ್ಮ ಗುಣವಾದ ಮೇಲೆ ಕೌದಿ ಒಗೆದು ತಂತಿಗೆ ಹಾಕಿದೆವು,
ಅವಸರದಲ್ಲಿ ತಲೆಕೆಳಗು.
ನೀರು ಸುರಿಯುತ್ತಲೇ ಇತ್ತು ನೀಲಿ ಚೌಕದಿಂದ.
ಗೋದಾಮುಗಳ ಆಚೆ ಯಾವುದೋ ಟಗ್ಗು ಒಮ್ಮೆ ಕೂಗಿತು.
ಅವ್ವ ಹಲ್ಲಲ್ಲಿ ಕ್ಲಿಪ್ಪು ಕಚ್ಚಿಕೊಂಡೇ
ಆ ಕಡೆ ತಿರುಗಿ
"ಏನಂತ?" ಅಂದಳು.