ಐಸ್ ಪೆಟ್ಟಿಗೆಯ ಬಾಡಿಗೆದಾರ

ಜೂನ್ ಒಂದಕ್ಕೆ ಬೋಟುಗಳನ್ನೆಲ್ಲ ದಕ್ಕೆಗೆ ಕಟ್ಟಿದರು.
ಮೂರಕ್ಕೆ, ಯಶೋದಿಯ ಕೋಳಿಗೂಡಿಗೆ ಸುತ್ತಿದ್ದ
ಹಳೇ ಬಲೆಯಲ್ಲಿ ಅದು ಸಿಕ್ಕಿಬಿತ್ತು.
ಏಳೂವರೆ ಅಡಿ ಕೇರೆ.
ಹಗ್ಗವೆಂದು ಎಳೆದಳಂತೆ ಯಶೋದಿ,
ಹಗ್ಗ ಕುತ್ತಿಗೆ ಉಬ್ಬಿಸಿ ಗುರ್ರೆಂದಿತು.

ಬಲೆ ನಾನು ಹೆಣೆದದ್ದು.
ಗಂಟು ನೋಡಿದೊಡನೆ ಗೊತ್ತಾಯಿತು.
ಎಡಚಿಯ ಗಂಟು ಎಡಕ್ಕೇ ವಾಲುತ್ತದೆ,
ಬೈತಖೋಲದಲ್ಲಿ ಬಲೆ ಹೆಣೆಯುವ ಎಡಚಿ ನಾನೊಬ್ಬಳೇ.
ಕತ್ತರಿ ಹಿಡಿದು ಒಂದೊಂದೇ ಕಣ್ಣು ಕತ್ತರಿಸಿದೆ.
ಕಣ್ಣು ಎಂದೇ ಅನ್ನುತ್ತೇವೆ ನಾವು ಬಲೆಯ ಕಿಂಡಿಗೆ.
ರೆಪ್ಪೆಯಿಲ್ಲ ಅದಕ್ಕೂ,
ನನ್ನನ್ನೇ ನೋಡುತ್ತಿದ್ದ ಇದಕ್ಕೂ.

ಮೂರು ಕಡೆ ನೈಲಾನು ಮಾಂಸಕ್ಕಿಳಿದಿತ್ತು.
ಡಾಕ್ಟರಮ್ಮ ಫರ್ಜಾನಾ ಹಾಕಿದ್ದು ಹನ್ನೊಂದು ಹೊಲಿಗೆ,
ನನ್ನವಕ್ಕಿಂತ ಚೊಕ್ಕ ಗಂಟು.
ಎರಡು ಪೊರೆ ಕಳಚುವ ತನಕ ಬಿಡಬಾರದು ಎಂದಳು.
ಇಲಾಖೆಯ ಶೆಡ್ಡಿನ ತಗಡು ಗಾಳಿಗೆ ಹಾರಿತ್ತು.
ಗಾರ್ಡ್ ಗುನಗಿ ತಲೆ ಕೆರೆದುಕೊಂಡ:
"ಗಣಪಕ್ಕಾ, ನಿಮ್ಮಲ್ಲಿ ಜಾಗ ಉಂಟಾ?"
ಕಾಗದಕ್ಕೆ ಸಹಿ ಹಾಕಿಸಿಕೊಂಡೇ ಹೋದ.

ಜಾಗ ಇತ್ತು. ಬೋಟಿನ ಐಸ್ ಪೆಟ್ಟಿಗೆ ಖಾಲಿ ಬಿದ್ದಿತ್ತು,
ಮಲಗಿದರೆ ನಾನೇ ಹಿಡಿಸುವಷ್ಟು ಉದ್ದ.
ಹುಣಸೆಹುಳಿ ಹಾಕಿ ಮೂರು ಸಲ ತಿಕ್ಕಿದೆ,
ಬಂಗಡೆಯ ವಾಸನೆ ಹೋಗಲಿಲ್ಲ.
ಒಂದು ಮೂಲೆಯಲ್ಲಿ, ಡಬ್ಬಿಯೊಳಗೆ ಬಲ್ಬು.
ಇನ್ನೊಂದರಲ್ಲಿ, ಸುರುಳಿ ಸುತ್ತಿ ಮುಳುಗುವಷ್ಟು ದೊಡ್ಡ ಬೋಗುಣಿ.
ನಡುವೆ ಒಡಕು ಮಡಕೆ, ಬೋರಲು.
ಮುಚ್ಚಳ ಕೊಯ್ದು ಬಲೆ ಬಿಗಿದೆ, ಉಸಿರಿಗೆ.
ನನ್ನದೇ ಬಲೆ, ಅರ್ಧ ಇಂಚಿನ ಕಣ್ಣು.

ರಾತ್ರಿಯಿಡೀ ಸರ್ರ್, ಸರ್ರ್.
ಬೆಳಗಿಗೆ ಅದರ ಮೂತಿ ಕೆಂಪು.
ಮರುದಿನ ಇನ್ನಷ್ಟು.
ಡಾಕ್ಟರಮ್ಮ ಫೋನಿನಲ್ಲಿ ಬೈದಳು:
ಬೆಳಕು ತೂರಿದ ಕಡೆಯೆಲ್ಲ ಅದಕ್ಕೆ ದಾರಿಯೇ,
ಮುಚ್ಚಿಬಿಡಿ. ಮೇಲೆ ಸೂಜಿ ಗಾತ್ರದ ತೂತು ಸಾಕು.
ಮೂವತ್ತು ವರ್ಷ ಕಣ್ಣು ಹೆಣೆದವಳು
ಗೋಣಿತಟ್ಟು ಹೊಲಿದು ಕಣ್ಣು ಮುಚ್ಚುತ್ತ ಕೂತೆ.
ಅಂದು ರಾತ್ರಿ ಅದು ಮಡಕೆಯೊಳಗೆ ಹೋಗಿ,
ಮೈ ಸುತ್ತಲೂ ಮಣ್ಣಿಗೆ ತಾಗುವ ಹಾಗೆ ಸುತ್ತಿಕೊಂಡು,
ಸುಮ್ಮನಾಯಿತು.
ನನಗೆ ನಿದ್ದೆ ಬರಲಿಲ್ಲ.

ಐಸ್ ಫ್ಯಾಕ್ಟರಿಯ ಸಮೀರ ಇಲಿ ತರುತ್ತಿದ್ದ,
ಒಂದಕ್ಕೆ ಒಂದು ಚಹಾ.
ಕೇರಿಯ ಹೆಂಗಸರು ಬಂದು ದೂರದಿಂದ ಹೇಳಿದರು,
ಕೇರೆ ಬಾಲದಲ್ಲಿ ಬಾರಿಸಿದರೆ ಕೈ ಒಣಗುತ್ತದೆ.
ಬಾರಿಸಿತು, ಬೋಗುಣಿ ತೊಳೆಯುವಾಗ, ಎಡಗೈಗೇ.
ನಾಲ್ಕು ದಿನ ಬಾಸುಂಡೆ ಇತ್ತು.
ಗಂಟು ಈಗಲೂ ಎಡಕ್ಕೇ ವಾಲುತ್ತದೆ.

"ಸಾಕಿದ್ದೀಯಂತಲ್ಲ?" ಎಂದು ಕೇಳಿದವರಿಗೆ
"ಸಾಕಿಲ್ಲ, ಇಟ್ಟುಕೊಂಡಿದ್ದೇನೆ" ಎಂದೆ.
ಯಶೋದಿ ಸೆರಗು ಬಾಯಿಗಿಟ್ಟು ನಗುತ್ತ ನಗುತ್ತ
ಮೆಟ್ಟಿಲಲ್ಲೇ ಕೂತುಬಿಟ್ಟಳು.
ನಿಜವೇ ಹೇಳಿದ್ದು. ಅದು ನನ್ನನ್ನು ಗುರುತಿಸಲಿಲ್ಲ.
ಮುಚ್ಚಳ ತೆಗೆದಾಗಲೆಲ್ಲ ಮೊದಲ ದಿನದ್ದೇ ಗುರ್ರು.

ಜುಲೈ ಮೊದಲಿಗೆ ಅದರ ಕಣ್ಣು ಬೆಳ್ಳಗಾಯಿತು,
ಹಳಸಿದ ಮೀನಿನ ಕಣ್ಣಿನ ಹಾಗೆ.
ಸತ್ತಿತೆಂದುಕೊಂಡೆ.
ಆರನೇ ದಿನ ಮಡಕೆಯ ಬಾಯಲ್ಲಿ ಪೊರೆ,
ಗಾಯವಿದ್ದ ಮೂರೂ ಕಡೆ ಹರಿದದ್ದು.
ಎರಡನೆಯದು ತಿಂಗಳ ಕೊನೆಗೆ,
ಒಂದೇ ಎಳೆಯಾಗಿ, ಕಾಲುಚೀಲ ತಿರುವಿದಂತೆ.
ಬೆಳಕಿಗೆ ಹಿಡಿದೆ. ತಲೆಯ ಕಡೆ
ಎರಡು ಪುಟಾಣಿ ಗಾಜು:
ಕಣ್ಣಿನ ಮೇಲಿನದನ್ನೂ ಬಿಟ್ಟುಕೊಟ್ಟಿತ್ತು.

ಗುನಗಿ ಚೀಲ ತಂದ. ಗುಡ್ಡದ ಬುಡದಲ್ಲಿ,
ಕಪ್ಪೆಗಳು ಕಿವಿ ಕಿವುಡಾಗುವಂತೆ ಒದರುವ ಗದ್ದೆಯಂಚಿಗೆ ಸುರಿದ.
ಅರೆಗಳಿಗೆ ತಲೆ ಎತ್ತಿತು. ನನ್ನ ಕಡೆಗಲ್ಲ.
ಹುಲ್ಲು ಅಲುಗಿದ್ದು ಕಂಡಿತು, ಅಷ್ಟೇ.

ಆಗಸ್ಟ್ ಒಂದಕ್ಕೆ ಪೆಟ್ಟಿಗೆಗೆ ಹೊಸ ಮುಚ್ಚಳ ಹಾಕಿ ಐಸ್ ತುಂಬಿದರು.
ಮೀನಿಗೆ ಏನೋ ವಾಸನೆ ಎಂದ ತಾಂಡೇಲ, ಮೂಗು ಮುರಿದು.
ಯಶೋದಿ ಬಂದಳು, ಗೂಡಿಗೆ ಹೊಸ ಬಲೆ ಬೇಕಂತೆ,
ಕಣ್ಣು ಸಣ್ಣದಿರಲಂತೆ, ಬೆರಳೂ ತೂರದಷ್ಟು.
ಸೂಜಿಗೆ ದಾರ ಏರಿಸಿಯೇ ಇತ್ತು.

ತಗಡು ತಾ, ಎಂದೆ.