ಮೂರು ಎಂದು ಬರೆದೆ

ಡೊಂಬಿವಲಿ ಪೂರ್ವ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆ.
ಭಾನುವಾರ ನಾಲ್ಕು ಗಂಟೆ. ಕೆಳಗೆ ಯಾರದೋ ಗೋಧಿ
ತಿರುಗುತ್ತಿದೆ; ಮೇಲೆ ಬೆಂಚು, ಬೆಂಚಿನ ಮೇಲೆ ನನ್ನ ವಹಿ,
ವಹಿಯ ಮೇಲೆ ನನ್ನ ಕೈ,
ಎಲ್ಲವೂ ಸಣ್ಣಗೆ ನಡುಗುತ್ತಿವೆ.
ಗಿರಣಿಯದೇ ಇರಬೇಕು ನಡುಕ, ಅಂದುಕೊಂಡೆ.

ಹದಿನಾಲ್ಕು ಹೆಸರು ಬಂದಿದ್ದವಂತೆ, ಕೂತವರು ಆರು.
ನನ್ನ ಪಕ್ಕ ಕ್ಯಾಂಟೀನಿನ ಅಂಗರ ಪೂಜಾರಿ,
ಗಲ್ಲೆಯಲ್ಲಿ ಕೂತು ಕೂತು ಬೆನ್ನು ಬಾಗಿದವರು,
ಕಿವಿಯ ಮೇಲೊಂದು ಪೆನ್ನು, ಜೇಬಿನಲ್ಲಿ ಇನ್ನೆರಡು.
ಕಲಿಸುವವಳು ಶ್ರುತಕೀರ್ತಿ. ನನ್ನ ಕಿರಿಮಗಳಿಗಿಂತ ಚಿಕ್ಕವಳು.
ಮೇಡಂ ಅನ್ನಲೋ ಮಗಾ ಅನ್ನಲೋ ತಿಳಿಯದೆ
ಏನೂ ಅನ್ನದೆ ಕೂತೆ.

“ಹೆಸರು ಬರೀರಿ ಮೊದಲು,” ಅಂದಳು.
ಸುಗಂಧಿ, ಅಂತ ಬರೆದೆ. ಬರೆದ ಕೈ ತಾನಾಗಿ
ನೆತ್ತಿಯ ಮೇಲೊಂದು ಗೆರೆ ಎಳೆಯಿತು, ಈ ತುದಿಯಿಂದ ಆ ತುದಿಗೆ.
ನಲವತ್ತು ವರ್ಷ ಸಂಬಳದ ಪುಸ್ತಕಕ್ಕೆ, ರೇಷನ್ನಿಗೆ, ಸೊಸೈಟಿಗೆ
ಮರಾಠಿಯಲ್ಲಿ ಸಹಿ ಹಾಕಿದ ಕೈ.
ನನ್ನ ಕನ್ನಡ ಹಗ್ಗಕ್ಕೆ ಒಣಹಾಕಿದ ಬಟ್ಟೆಯ ಹಾಗೆ
ನೇತಾಡುತ್ತಿತ್ತು, ನೀರು ಸೋರಿಸುತ್ತ.
ಅಂಗರಣ್ಣ ಬಗ್ಗಿ ನೋಡಿ, ನಗದೆ,
ತಮ್ಮ ವಹಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

“ಯಾರಿಗೂ ಹೇಳದ ಒಂದು ಸಂಗತಿ.
ಹತ್ತು ನಿಮಿಷ. ಕಾಗುಣಿತ ತಪ್ಪಾದರೆ ಆಗಲಿ.”

ಹತ್ತು ನಿಮಿಷ! ಅದೆಷ್ಟು ದೊಡ್ಡದು,
ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಗೊತ್ತು.
ಅಲ್ಲಿ ಹುಟ್ಟು ಸಾವು ಸಾಲ ಸಂಬಂಧ
ಎಲ್ಲಕ್ಕೂ ಮೂರೇ.
ಕಿವಿಯಲ್ಲಿ ಊರೂರಿನ ಮಾತು ತುಂಬಿ
ಬಾಯಲ್ಲಿ ಒಂದೇ ವಾಕ್ಯ: ಮೂರು ನಿಮಿಷ ಆಯ್ತು, ಮುಂದುವರಿಸಲಾ?
ಕೇಳಿಸಿಕೊಂಡದ್ದನ್ನು ಹೇಳಬಾರದು, ಅದು ಕಾನೂನು.
ಕೇಳಿಸಿಕೊಂಡೇ ಇಲ್ಲ ಎಂಬ ಹಾಗೆ ಮನೆಗೆ ಬಂದು
ಅಕ್ಕಿ ತೊಳೆಯಬೇಕು, ಅದು ಕಾನೂನಲ್ಲ, ಅಭ್ಯಾಸ.

ಒಬ್ಬನಿದ್ದ. ಶನಿವಾರ ರಾತ್ರಿ, ಅರ್ಧ ದರ ಶುರುವಾದ ಮೇಲೆ
ಮಸ್ಜಿದ್ ಬಂದರಿನಿಂದ ಪಿ.ಪಿ. ಕಾಲ್,
ಬೈಂದೂರಿನ ಹತ್ತಿರ ಒಂದು ಜಿನಸಿನ ಅಂಗಡಿಗೆ.
ಅವಳೇ ಬರಬೇಕು, ಬಂದರೆ ಮಾತಿಗೆ ದುಡ್ಡು.
ಅಂಗಡಿಯವನು ಹುಡುಗನನ್ನು ಓಡಿಸುವನು. ಕಾಯುವೆವು,
ಇವನು ಈ ತುದಿಯಲ್ಲಿ, ನಾನು ನಡುವೆ.
“ಬರುವುದಿಲ್ಲವಂತೆ.”
ಹನ್ನೊಂದು ಶನಿವಾರ ಬರುವುದಿಲ್ಲವಂತೆ.

ಹನ್ನೆರಡನೆಯದಕ್ಕೆ ಬಂದಳು.
ಹಲೋ ಅಂದಳು. ಹಲೋ ಅಂದ.
ಆಮೇಲೆ ಇಬ್ಬರೂ ಸುಮ್ಮನೆ.
ಉಸಿರು, ತಕ್ಕಡಿಯ ಸದ್ದು, ಯಾರೋ ಬೆಲ್ಲ ಕೇಳಿದ್ದು,
ತಂತಿಯಲ್ಲಿ ಗಾಳಿ.
ಮೂರಾಯಿತು. ನಾನು ಹೇಳಲಿಲ್ಲ.
ಏಳಾಯಿತು. ಸೂಪರ್‌ವೈಸರ್ ಪರೇರಾಬಾಯಿಯ ಚಪ್ಪಲಿ
ನನ್ನ ಕುರ್ಚಿಯ ಹಿಂದೆ ಬಂದು, ನಿಂತು, ಹೋಯಿತು.
ಹದಿನೇಳಾಯಿತು.
ಯಾರು ಮೊದಲು ಇಟ್ಟರೋ. ಪ್ಲಗ್ಗು ಕಿತ್ತವಳು ನಾನು, ಎಲ್ಲರ ಕೊನೆಗೆ.
ಚೀಟಿಯಲ್ಲಿ, ನಿಮಿಷ ಎಂಬ ಚೌಕದೊಳಗೆ
ದುಂಡಗೆ
ಮೂರು ಎಂದು ಬರೆದೆ.

ನನ್ನ ಮೊದಲ ಕಟ್ಟುಕತೆ ಅದೇ ಇರಬೇಕು. ಒಂದೇ ಅಂಕಿಯದು.

“ಸಮಯ ಆಯ್ತು,” ಅಂದಳು ಶ್ರುತಕೀರ್ತಿ.
ನನ್ನ ಹಾಳೆಯಲ್ಲಿ ಇದಾವುದೂ ಇರಲಿಲ್ಲ.
ಹಲೋ ಇತ್ತು. ಅದರ ಕೆಳಗೆ ಇನ್ನೊಂದು ಹಲೋ.
ಎರಡರ ನೆತ್ತಿಗೂ ಗೆರೆ.
ಬಗ್ಗಿ ಓದಿದಳು. ಅವಳ ಕೂದಲಿಗೆ ಹಿಟ್ಟು ಹತ್ತಿತ್ತು.
ಗೆರೆ ತಿದ್ದಲಿಲ್ಲ. “ಆಮೇಲೆ?” ಅಂದಳು.

ಕೆಳಗೆ ಗಿರಣಿ ನಿಂತಿತು.
ಜೋಳ ಹಾಕುವ ಮೊದಲು ಗೋಧಿಯನ್ನು ಗುಡಿಸಬೇಕಲ್ಲ.
ಬೆಂಚು ನಿಂತಿತು, ವಹಿ ನಿಂತಿತು,
ಕೈ ಮಾತ್ರ ನಡುಗುತ್ತಲೇ ಇತ್ತು.
ಅಂಗರಣ್ಣ ಕಿವಿಯ ಮೇಲಿನ ಪೆನ್ನು ತೆಗೆದು
ನನ್ನ ಕಡೆ ಉರುಳಿಸಿದರು,
ನನ್ನದರಲ್ಲಿ ಶಾಯಿ ಮುಗಿದಿದೆ ಎಂದುಕೊಂಡು.
ತೆಗೆದುಕೊಂಡೆ.