ಮೆಟ್ಟಿಲಿರುವ ಗುಂಡಿ

ಹಾಸನದ ಸಾಲಗಾಮೆ ರಸ್ತೆಯ ಒಳತಿರುವಿನಲ್ಲಿ
ನನ್ನದು ಮೂವತ್ತು ನಲವತ್ತರ ಸೈಟು.
ನನಗೊಂದು ರೂಮು, ತಂಗಿಗೊಂದು,
ದೇವರಿಗೆ ಗೋಡೆಯೊಳಗೊಂದು ಗೂಡು.
ಮಿಕ್ಕ ಹನ್ನೊಂದಡಿ ಅಗಲ, ಇಪ್ಪತ್ತೆರಡಡಿ ಉದ್ದ
ಪದ್ಮಿನಿಗೆ.

ಪದ್ಮಿನಿ ಅಂದರೆ ಕಾರು.
ಎಂಬತ್ತಮೂರರ ಪ್ರೀಮಿಯರ್, ಹಳೇ ವಾರ್ಡಿನ ಗೋಡೆಯ ಹಸಿರು,
ಸ್ಟಿಯರಿಂಗಿನ ಕತ್ತಿಗೇ ಗೇರು.
ಡಾಕ್ಟರ್ ನರಹರಿ ಕಣ್ಣು ಮಂಜಾದ ವರ್ಷ
ಬೀಗದ ಕೈ ನನ್ನ ಮೇಜಿನ ಮೇಲಿಟ್ಟು
“ಕಂತಲ್ಲಿ ಕೊಡಮ್ಮ, ಅವಸರವಿಲ್ಲ” ಅಂದಿದ್ದರು.
ಹತ್ತೊಂಬತ್ತು ಕಂತು. ಇಪ್ಪತ್ತನೆಯದಕ್ಕೆ ಅವರಿರಲಿಲ್ಲ.
ಆ ಬಾಕಿ ಇನ್ನೂ ಇದೆ ಅನ್ನಿಸುತ್ತದೆ
ಚೋಕ್ ಎಳೆದಾಗಲೆಲ್ಲ.

ಅಲ್ಲಿಂದ ಇಲ್ಲಿಯತನಕ ಬೇವಿನ ಮರದಡಿ ನಿಂತವಳು.
ಬಾನೆಟ್ಟಿನ ಮೇಲೆ ಕಾಗೆಯ ಸಹಿ,
ಸೀಟಿನೊಳಗೆ ಇಲಿಯ ಬಾಣಂತನ.
ನಿವೃತ್ತಿಯ ದುಡ್ಡು ಬಂದ ವಾರ
ತಂಗಿ ಸರ್ವಮಂಗಳ ಕಾಶಿಯ ಮಾತೆತ್ತಿದಳು.
ನಾನು ಸಿಮೆಂಟಿನ ರೇಟು ಕೇಳಿಕೊಂಡು ಬಂದೆ.

ನಕ್ಷೆ ಬರೆದದ್ದು ಜ್ವರದ ಚಾರ್ಟಿನ ಬೆನ್ನಿಗೆ.
ಇಲ್ಲಿ ಬೆಂಚು, ಇಲ್ಲಿ ವೈಸು, ಎಡಗೈಗೆ ಸ್ವಿಚ್ಚು,
ನೆರಳು ಬೀಳದ ಹಾಗೆ ಎರಡು ಕಡೆಯಿಂದ ಬೆಳಕು.
ನಡುವೆ ಗುಂಡಿ:
ಆರೂವರೆ ಅಡಿ ಉದ್ದ, ಎರಡೂವರೆ ಅಗಲ,
ನಾನು ನಿಂತರೆ ಅವಳ ಹೊಟ್ಟೆ
ಕಣ್ಣೆದುರಿಗೆ ಬರುವಷ್ಟು ಆಳ.

ಕಾಳಿಂಗ ಮೇಸ್ತ್ರಿ ಸುಣ್ಣದ ಗೆರೆ ನೋಡಿ
ಹಾರೆಯನ್ನು ಗೋಡೆಗೊರಗಿಸಿಟ್ಟ.
“ಏನ್ ಸಿಸ್ಟರಮ್ಮ, ಬಾಳೋ ಮನೇಲಿ
ಆಳುದ್ದ ಗುಂಡಿ ತೆಗಿ ಅಂತೀರಲ್ಲ.
ಸಂಪ್ ಬೇಕಾ, ತೋಡ್ತೀನಿ.
ನಾನು ಮಕ್ಕಳೊಂದಿಗ, ಇದು ನನ್ ಕೈಲಾಗಕಿಲ್ಲ.”
ಎದುರು ಮನೆಯ ಷಡಕ್ಷರಿ ಕಾಂಪೌಂಡಿಗೆ ಗಲ್ಲ ಊರಿ
“ಆಗ್ನೇಯ ಬೇರೆ” ಅಂದರು.

ಈ ಮೇಸ್ತ್ರಿಯ ನೆತ್ತಿಯನ್ನು ಲೋಕದಲ್ಲಿ ಮೊದಲು ಕಂಡವಳು ನಾನು.
ಹೆರಿಗೆ ವಾರ್ಡು, ಮೂರನೇ ಟೇಬಲ್ಲು, ಕರೆಂಟಿಲ್ಲದ ರಾತ್ರಿ.
ಹೇಳಬಹುದಿತ್ತು. ಹೇಳಲಿಲ್ಲ.
ಎರಡು ದಿನ ನಾನೇ ತೋಡಿದೆ.
ಮೊಣಕಾಲುದ್ದ ಆಯಿತು, ಮೊಣಕಾಲೂ ಹೋಯಿತು.
ಮೂರನೆಯ ಬೆಳಿಗ್ಗೆ ನೋಡಿದರೆ ಅವನೇ ಒಳಗಿದ್ದಾನೆ,
ಅಂಚಿನಲ್ಲಿ ಕರ್ಪೂರ ಉರಿದ ಕಪ್ಪು.

ಆಸ್ಪತ್ರೆಯ ಹರಾಜಿನಿಂದ ಟ್ರಾಲಿ ಬಂತು, ಒಂದು ಚಕ್ರ ಮುನಿಸಿಕೊಂಡದ್ದು.
ಕಿಡ್ನಿ ಟ್ರೇಯಲ್ಲಿ ನಟ್ಟು ಬೋಲ್ಟು,
ಸಿರಿಂಜು ಕುದಿಸುತ್ತಿದ್ದ ಡಬ್ಬಿಯಲ್ಲಿ ಸ್ಪಾರ್ಕ್ ಪ್ಲಗ್ಗು.
ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿಗೂ
ಅದರದೇ ಆಕಾರದ ಕಪ್ಪು ಗೆರೆ.
ಎಣಿಸಿ ತೆಗೆ, ಎಣಿಸಿ ಇಡು.
ಹೊಟ್ಟೆ ಹೊಲಿಯುವ ಮುಂಚೆ ಹತ್ತಿಯುಂಡೆ ಎಣಿಸದಿದ್ದರೆ
ಏನಾಗುತ್ತದೆಂದು ಒಮ್ಮೆ ನೋಡಿದ್ದೇನೆ.

ಪ್ರವೇಶದ ದಿನ ಪದ್ಮಿನಿ ಮಿಸುಕಲಿಲ್ಲ.
ಹಾಲಿನ ಹುಡುಗ, ತಂಗಿ, ಮೇಸ್ತ್ರಿ ತಳ್ಳಿದರು;
ಆಗ್ನೇಯ ಅಂದ ಷಡಕ್ಷರಿಯೇ ಡಿಕ್ಕಿಗೆ ಹೆಗಲು ಕೊಟ್ಟರು.

ಎಲ್ಲ ಹೋದ ಮೇಲೆ, ಅವನು ದಿನಾ ಬಂದು ನೀರು ಹೊಯ್ದು
“ಗಾರೆ ಹಸಿ, ಮುಟ್ಟಬ್ಯಾಡಿ” ಅಂದಿದ್ದ ಗೋಣಿ ಎತ್ತಿದೆ.
ಇಳಿಯಲು ಸ್ಟೂಲು ಸಾಕೆಂದುಕೊಂಡಿದ್ದೆ;
ನಕ್ಷೆಯಲ್ಲಿ ನನ್ನ ಮೊಣಕಾಲನ್ನು ಬರೆದಿರಲಿಲ್ಲ.
ಹಿಂಬದಿಯಲ್ಲಿ ಐದು ಮೆಟ್ಟಿಲು,
ಅಂಚು, ಮಗುವಿನ ಪಾದವೂ ತರಚದಷ್ಟು ನಯ.
ಬಿಲ್ಲಿನಲ್ಲಿರಲಿಲ್ಲ. ಫೋನು ಮಾಡಿದೆ.
“ಅದಾ?” ಅಂದ. “ಹತ್ತಿ ಬರಕ್ ಮೆಟ್ಲಿದ್ರೆ
ಅದು ಗೋರಿ ಆಗಕಿಲ್ಲ ಸಿಸ್ಟರಮ್ಮ. ಅಷ್ಟೇಯ.”

ಈಗ ಸಂಜೆ ಐದಾದರೆ ನಾನು ಕೆಳಗೆ.
ಮೇಲೆ ತುಕ್ಕು, ಹಳೇ ವೆಲ್ಡಿಂಗಿನ ಹೊಲಿಗೆ.
ಸ್ಟೆಥಾಸ್ಕೋಪಿಟ್ಟರೆ ಮೂರನೇ ಸಿಲಿಂಡರಿನಲ್ಲಿ ಸಣ್ಣ ಗೊರಗೊರ.
ಎರಡು ಸಲ ಗ್ಯಾಸ್ಕೆಟ್ ಬದಲಿಸಿದರೂ
ಹಣೆಗೆ ಹನಿಯುವ ಎಣ್ಣೆ ನಿಂತಿಲ್ಲ.
ತಂಗಿ ಮೆಟ್ಟಿಲ ಮೇಲೆ ಕೂತು ಟಾರ್ಚ್ ಹಿಡಿಯುತ್ತಾಳೆ,
ಬೆಳಕನ್ನು ಎಲ್ಲಿಗೋ ಬಿಟ್ಟು ಸೊಗಡವರೆಯ ರೇಟು ಹೇಳುತ್ತಾಳೆ.

ಹಲಗೆಯ ಮೇಲೆ ಹದಿನೇಳರ ಸ್ಪ್ಯಾನರಿನ ಗೆರೆ
ಎರಡು ವಾರದಿಂದ ಖಾಲಿ.
ಷಡಕ್ಷರಿ ತಮಗೇನೂ ಗೊತ್ತಿಲ್ಲ ಅನ್ನುತ್ತಾರೆ.
ಅವರ ಸ್ಕೂಟರು ಮಾತ್ರ ಈಗ
ಒಂದೇ ಒದೆತಕ್ಕೆ ಸ್ಟಾರ್ಟಾಗುತ್ತದೆ.